ಎತ್ತಿಗೆ ಜ್ವರ, ಪ್ರಿಂಟರಿಗೆ ಬರೆ

ನ್ಯೂಯಾರ್ಕ್ ರಾಜ್ಯದ ಅಸೆಂಬ್ಲಿಯಲ್ಲಿ ನಮ್ಮ ಕ್ಷೇತ್ರವನ್ನು ಪ್ರತಿನಿಧಿಸುವ ಮಾನ್ಯ ಸದಸ್ಯರಿಗೆ,

ನಮಸ್ಕಾರ.

ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ನಿಮ್ಮಲ್ಲಿ ಕ್ಷಮೆ ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ಬರೆದವುಗಳನ್ನೂ ನೀವು ಓದಿದಂತೆ ಕಾಣಲಿಲ್ಲ. ಪ್ರತಿ ಸಲವೂ ಅದೇ ಒಕ್ಕಣೆ: ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ, ಬರೆದುದಕ್ಕೆ ವಂದನೆಗಳು. ಒಮ್ಮೆ ಅದರ ಬೆನ್ನಿಗೇ ಚುನಾವಣಾ ದೇಣಿಗೆಯ ಮನವಿಯೂ ಬಂತು. ಓದದ ಪತ್ರ ಯಾವ ಭಾಷೆಯಲ್ಲಿದ್ದರೇನು? ಕನ್ನಡದಲ್ಲಿ ಬರೆದರೆ ನಮ್ಮವರು ನಾಲ್ಕು ಜನರಾದರೂ ಓದುತ್ತಾರೆ. ಅವರಲ್ಲಿ ಒಬ್ಬಿಬ್ಬರು ನಿಮ್ಮ ಮತದಾರರೂ ಆಗಿರಬಹುದು.

ಕೇಳಬೇಕಾದುದನ್ನು ಮೊದಲೇ ಕೇಳಿಬಿಡುತ್ತೇನೆ. ಪ್ಲಾಸ್ಟಿಕ್ ಕರಗಿಸಿ ಪದರ ಪದರವಾಗಿ ವಸ್ತುಗಳನ್ನು ಮಾಡುವ 3ಡಿ ಪ್ರಿಂಟರಿನಿಂದ ಬಂದೂಕಿನ ಭಾಗಗಳನ್ನೂ ಮಾಡಬಹುದೆಂಬ ಭಯದಿಂದ, ಅದನ್ನು ಕೊಳ್ಳುವವರ ಅಪರಾಧ ಹಿನ್ನೆಲೆಯನ್ನು ತಪಾಸಣೆ ಮಾಡಬೇಕೆಂಬ ಮಸೂದೆ 2023ರಲ್ಲಿ ನಿಮ್ಮ ಸದನಕ್ಕೆ ಬಂತು, 2025ರಲ್ಲಿ ಮತ್ತೆ ಮಂಡನೆಯಾಯಿತು. 2026ರ ಜನವರಿಯಲ್ಲಿ ಗವರ್ನರ್ ಕ್ಯಾಥಿ ಹೋಕಲ್ ಅವರು, ಬಂದೂಕಿನ ಭಾಗಗಳನ್ನು ಮುದ್ರಿಸಲು ಒಪ್ಪದಂಥ ತಂತ್ರವನ್ನು ಪ್ರತಿ ಪ್ರಿಂಟರಿನಲ್ಲೂ ತಯಾರಕರೇ ಅಳವಡಿಸಬೇಕೆಂಬ ಪ್ರಸ್ತಾಪ ಮುಂದಿಟ್ಟರು. ಈ ಎರಡನ್ನೂ ಬೆಂಬಲಿಸಬೇಡಿ. ಬಂದೂಕನ್ನು ಹಿಡಿಯಿರಿ, ಪ್ರಿಂಟರನ್ನು ಬಿಡಿ.

ನಾನು ಬಂದೂಕುಪ್ರೇಮಿಯಲ್ಲ. ಜೀವನದಲ್ಲಿ ಒಂದನ್ನೂ ಕೈಯಲ್ಲಿ ಹಿಡಿದವನಲ್ಲ. ಈ ದೇಶದಲ್ಲಿ ಶಾಲೆಗೆ ಹೋದ ಮಗು ಸಂಜೆ ಮನೆಗೆ ಬರುವವರೆಗೆ ಹೆತ್ತವರು ಪಡುವ ಆತಂಕ ಎಂಥದೆಂದು ನನಗೂ ಗೊತ್ತಿದೆ. ವೃತ್ತಿಯಲ್ಲಿ ನಾನು ಅಚ್ಚು, ಉಪಕರಣಗಳನ್ನು ತಯಾರಿಸುತ್ತಿದ್ದವನು. ಲೋಹವನ್ನು ಕಡೆದು ಕೊರೆಯುವ ಲೇಥ್ ಮತ್ತು ಮಿಲ್ಲಿಂಗ್ ಯಂತ್ರಗಳ ಮುಂದೆ ನಿಂತೇ ನಿವೃತ್ತನಾದವನು. ಈಗ ಹತ್ತಿರದ ಶಾಲೆಯೊಂದರಲ್ಲಿ ಸಂಬಳವಿಲ್ಲದೆ ಮಕ್ಕಳಿಗೆ ವಿನ್ಯಾಸ ಕಲಿಸುತ್ತೇನೆ. ಕಲಿಸುತ್ತಿದ್ದೆ ಎನ್ನಬೇಕು. ಏಕೆಂದರೆ ನಮ್ಮ ಪ್ರಿಂಟರುಗಳು ಈಗ ಬೀಗ ಹಾಕಿದ ಕಪಾಟಿನಲ್ಲಿವೆ.

ನಡೆದದ್ದನ್ನು ಹೇಳುತ್ತೇನೆ. ಹಿಂದಿನ ಪತ್ರಗಳಲ್ಲಿ ನಾಲ್ಕು ಸಾಲಿನಲ್ಲಿ ಮುಗಿಸಿದ್ದೆ. ಚುಟುಕಾಗಿ ಬರೆದರೆ ಜನಪ್ರತಿನಿಧಿಗಳು ಓದುತ್ತಾರೆ ಎಂದು ಯಾರೋ ಹೇಳಿದ್ದರು. ಈ ಸಲ ಚುಟುಕಾಗಿ ಬರೆಯುವುದಿಲ್ಲ.

ನಮ್ಮ ತರಗತಿಯಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳಿದ್ದಳು. ಅವಳ ಅಜ್ಜಿಗೆ ಸಂಧಿವಾತ. ಗಿಡಗಳಿಗೆ ನೀರು ಚಿಮುಕಿಸುವ ಬಾಟಲಿಯ ಒತ್ತುಗುಂಡಿಯನ್ನು ಬೆರಳುಗಳಿಂದ ಅದುಮಲು ಅವರಿಗೆ ಆಗುತ್ತಿರಲಿಲ್ಲ. ಇಡೀ ಅಂಗೈಯಿಂದ ಒತ್ತಬಹುದಾದ ಒಂದು ಹಿಡಿಯನ್ನು ಈ ಮಗು ತಾನೇ ಯೋಚಿಸಿ ಬಿಡಿಸಿದಳು. ಅಜ್ಜಿಯ ಕೈಯ ಅಳತೆಯನ್ನು ದಾರದಿಂದ ತೆಗೆದುಕೊಂಡು ಬಂದಿದ್ದಳು. ಎಲ್ಲಿ ದಪ್ಪ ಬೇಕು, ಎಲ್ಲಿ ಬಾಗು ಬೇಕು ಎಂದು ಕಾಗದದ ಮೇಲೆ ಗೀಚಿ, ಅಳಿಸಿ, ಮತ್ತೆ ಗೀಚಿ ಕೊನೆಗೆ ಕಂಪ್ಯೂಟರಿನಲ್ಲಿ ರೂಪಿಸಿದಳು. ನನ್ನ ವೃತ್ತಿಜೀವನದಲ್ಲಿ ನೋಡಿದ ಕೆಲವು ಎಂಜಿನಿಯರುಗಳಿಗಿಂತ ಒಳ್ಳೆಯ ಕೆಲಸ ಅದು.

ಆ ಹೊತ್ತಿಗೆ ಶಾಲೆಯ ಆಡಳಿತದವರು, ನಿಮ್ಮ ಸದನದಲ್ಲಿ ಬರಲಿರುವ ಕಾನೂನಿಗೆ ಮೊದಲೇ ಸಿದ್ಧರಾಗೋಣವೆಂದು, ಪ್ರಿಂಟರುಗಳಿಗೆ ಒಂದು ತಡೆ ತಂತ್ರಾಂಶವನ್ನು ಹಾಕಿಸಿದ್ದರು. ಹುಡುಗಿ ಕಡತವನ್ನು ಕಳಿಸಿದ ಕೂಡಲೇ ಪರದೆ ಕೆಂಪಾಯಿತು: ಶಸ್ತ್ರಾಸ್ತ್ರದ ಭಾಗವನ್ನು ಹೋಲುತ್ತದೆ, ಮುದ್ರಣ ನಿರಾಕರಿಸಲಾಗಿದೆ, ದೂರು ದಾಖಲಾಗಿದೆ. ಹಿಡಿ ಇದೆ, ಅದರ ಮುಂದೆ ಒತ್ತುವ ಸನ್ನೆಗೋಲು ಇದೆ, ಕೋನ ಹಾಗೆಯೇ ಇದೆ. ನಿಜ, ಹೋಲುತ್ತದೆ. ನೀರು ಚಿಮುಕಿಸುವ ಬಾಟಲಿ, ಡ್ರಿಲ್ ಯಂತ್ರ, ಕೂದಲು ಒಣಗಿಸುವ ಯಂತ್ರ, ಪೆಟ್ರೋಲ್ ಹಾಕುವ ನಳಿಕೆ ಎಲ್ಲವೂ ಹೋಲುತ್ತವೆ. ಮನುಷ್ಯನ ಕೈ ಇರುವುದೇ ಹಾಗೆ.

ದೂರು ಹೋದ ಮೇಲೆ ಮನುಷ್ಯರು ಮಾಡಿದ್ದಕ್ಕೆ ನನ್ನ ಬಳಿ ವಿವರಣೆಯಿಲ್ಲ. ಆ ಮಗುವನ್ನು ತರಗತಿಯಿಂದ ಎಬ್ಬಿಸಿ ಮುಖ್ಯಸ್ಥರ ಕೋಣೆಗೆ ಕರೆದೊಯ್ದರು. ಸಮವಸ್ತ್ರದ ಪೊಲೀಸರೊಬ್ಬರು ಬಂದು ಕುಳಿತರು. ಮನೆಯಲ್ಲಿ ಯಾರಾದರೂ ಸಿಟ್ಟಿನ ಸ್ವಭಾವದವರಿದ್ದಾರೆಯೇ, ಇಂಟರ್ನೆಟ್‌ನಲ್ಲಿ ಏನು ನೋಡುತ್ತೀಯ, ಇದನ್ನು ನಿನಗೆ ಯಾರು ಹೇಳಿಕೊಟ್ಟರು ಎಂದೆಲ್ಲ ಕೇಳಿದರು. ಹೇಳಿಕೊಟ್ಟವನು ನಾನು, ಬಾಗಿಲಾಚೆಯೇ ನಿಂತಿದ್ದೆ, ನನ್ನನ್ನು ಒಳಗೆ ಬಿಡಲಿಲ್ಲ. ಕೆಲಸ ಬಿಟ್ಟು ಓಡಿ ಬಂದ ತಾಯಿ ತಮ್ಮ ಮೊಬೈಲಿನಲ್ಲಿದ್ದ ಅಜ್ಜಿಯ ಕೈಗಳ ಫೋಟೊ ತೋರಿಸಿ, ಇದಕ್ಕಾಗಿ ಸ್ವಾಮಿ, ಇದಕ್ಕಾಗಿ ಎಂದು ಅತ್ತರು. ಕೊನೆಗೆ ಅಧಿಕಾರಿ ಕ್ಷಮೆ ಕೇಳಿದರು; ಅವರ ಮೇಲೆ ನನಗೆ ಸಿಟ್ಟಿಲ್ಲ. ಶಾಲೆ ಕ್ಷಮೆ ಕೇಳಲಿಲ್ಲ. ಕಾನೂನು ಸ್ಪಷ್ಟವಾಗುವವರೆಗೆ ಪ್ರಿಂಟರುಗಳು ಬೇಡ ಎಂದು ಕಪಾಟಿಗೆ ಬೀಗ ಹಾಕಿತು. ಆ ಹುಡುಗಿ ಈಗ ಸಂಗೀತದ ತರಗತಿಗೆ ಹೋಗುತ್ತಾಳಂತೆ. ಸಂಗೀತ ಒಳ್ಳೆಯದೇ.

ಬೀಗ ಬೀಳುವ ಮುನ್ನ ನಾನು ಒಂದು ಕೆಲಸ ಮಾಡಿದೆ. ಅದೇ ಹಿಡಿಯನ್ನು ಎರಡು ಹೋಳು ಮಾಡಿ ಯಂತ್ರಕ್ಕೆ ಕೊಟ್ಟೆ. ಮರುಮಾತಿಲ್ಲದೆ ಮುದ್ರಿಸಿಕೊಟ್ಟಿತು. ಅಂಟಿಸಿ ಅಜ್ಜಿಗೆ ಕಳಿಸಿದೆ. ನೀವು ರಾಜ್ಯಕ್ಕೆಲ್ಲ ಕಡ್ಡಾಯ ಮಾಡಹೊರಟಿರುವ ಕಾವಲುಗಾರ ಇಂಥವನು: ಮಗುವನ್ನು ಹಿಡಿಯುತ್ತಾನೆ, ನನ್ನಂಥ ಮುದುಕನನ್ನು ಬಿಡುತ್ತಾನೆ. ಕೊಲೆಗಾರನನ್ನು ಹಿಡಿಯುತ್ತಾನೆಂದು ನಂಬಲು ನಿಮಗೆ ಧೈರ್ಯವಿದ್ದರೆ ಸಂತೋಷ.

ಬಹಳ ದಿನ ಬೆನ್ನುಹತ್ತಿದ ಮೇಲೆ ನಿಮ್ಮ ಕಚೇರಿಯ ಯುವಕರೊಬ್ಬರು ಫೋನಿನಲ್ಲಿ ಸಿಕ್ಕಿದ್ದರು. ಫೋಟೊಕಾಪಿ ಯಂತ್ರಗಳು ಡಾಲರ್ ನೋಟನ್ನು ನಕಲು ಮಾಡುವುದಿಲ್ಲವಲ್ಲ, ಹಾಗೆಯೇ ಇದು ಎಂದರು. ವಿನಯವಂತ ಹುಡುಗ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನೋಟಿನ ಮೇಲೆ ಸಣ್ಣ ವೃತ್ತಗಳ ಒಂದು ನಿಶ್ಚಿತ ಗುರುತನ್ನು ಬೇಕೆಂದೇ ಮುದ್ರಿಸಿರುತ್ತಾರೆ. ಯಂತ್ರ ಅದನ್ನು ಹುಡುಕುತ್ತದೆ, ಸಿಕ್ಕರೆ ನಿಲ್ಲುತ್ತದೆ. ಬಂದೂಕಿನ ಭಾಗದ ಮೇಲೆ ಯಾವ ಸರ್ಕಾರವೂ ಗುರುತು ಹಾಕಿ ಕೊಟ್ಟಿಲ್ಲ. ಪ್ರಿಂಟರಿಗೆ ಆಕಾರವೇ ಗೊತ್ತಿಲ್ಲ. ಅದಕ್ಕೆ ತಲುಪುವುದು ಎಡಕ್ಕೆ ಇಷ್ಟು ಸರಿ, ಬಲಕ್ಕೆ ಇಷ್ಟು ಸರಿ, ಇಷ್ಟು ಪ್ಲಾಸ್ಟಿಕ್ ಸುರಿ ಎಂಬ ಸಾವಿರಾರು ಆಜ್ಞೆಗಳು ಮಾತ್ರ. ಮುದ್ರಣವಾಗುತ್ತಿರುವುದು ಹೂದಾನಿಯೋ ಹಿಡಿಕೆಯೋ ಅದಕ್ಕೆ ಅರಿವಿಲ್ಲ. ಮೇಲಾಗಿ ಈ ಯಂತ್ರಗಳ ಮೂಲ ಎಲ್ಲಿಯದು? 2005ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿ ಏಡ್ರಿಯನ್ ಬೋಯರ್ ಆರಂಭಿಸಿದ ರೆಪ್‌ರ‍್ಯಾಪ್ ಯೋಜನೆಯ ಉದ್ದೇಶವೇ ತನ್ನ ಭಾಗಗಳನ್ನು ತಾನೇ ಮುದ್ರಿಸಿಕೊಳ್ಳುವ ಯಂತ್ರವನ್ನು ಮಾಡಿ, ಅದರ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಡುವುದಾಗಿತ್ತು. ನಾಲ್ಕು ಮೋಟಾರು, ಕೆಲವು ಕಂಬಿ, ಒಂದು ಸರ್ಕ್ಯೂಟ್ ಬೋರ್ಡು ಇದ್ದರೆ ಪ್ರಿಂಟರ್ ಸಿದ್ಧ. ಅಂಗಡಿಯಲ್ಲಿ ತಪಾಸಣೆ ಇಟ್ಟರೆ ತಪಾಸಣೆಗೆ ಒಳಗಾಗುವವರು ಅಂಗಡಿಗೆ ಹೋಗುವ ಪ್ರಾಮಾಣಿಕರು. ಅಷ್ಟಕ್ಕೂ ನಾನು ಜೀವಮಾನವಿಡೀ ನಡೆಸಿದ ಲೇಥ್ ಯಂತ್ರವನ್ನು ಕೊಳ್ಳಲು ಯಾರೂ ಯಾರ ಹಿನ್ನೆಲೆಯನ್ನೂ ಕೇಳುವುದಿಲ್ಲ. ಪ್ಲಾಸ್ಟಿಕ್ ಕರಗಿಸುವ ಪೆಟ್ಟಿಗೆಗೆ ಕೇಳಬೇಕಂತೆ.

ಭಯಕ್ಕೆ ಕಾರಣವಿಲ್ಲ ಎಂದು ನಾನು ಹೇಳುತ್ತಿಲ್ಲ. 2013ರ ಮೇ ತಿಂಗಳಲ್ಲಿ ಟೆಕ್ಸಾಸಿನ ಕಾನೂನು ವಿದ್ಯಾರ್ಥಿ ಕೋಡಿ ವಿಲ್ಸನ್ 'ಲಿಬರೇಟರ್' ಎಂಬ ಒಂದೇ ಗುಂಡಿನ ಪಿಸ್ತೂಲಿನ ಕಡತಗಳನ್ನು ಲೋಕಕ್ಕೆ ಬಿಟ್ಟಾಗ ಎರಡೇ ದಿನಗಳಲ್ಲಿ 1 ಲಕ್ಷಕ್ಕೂ ಹೆಚ್ಚು ಬಾರಿ ಅವು ಡೌನ್‌ಲೋಡ್ ಆದವು. ಅಮೆರಿಕದ ವಿದೇಶಾಂಗ ಇಲಾಖೆ ತೆಗೆಯಲು ಹೇಳಿತು. ಹೇಳುವಷ್ಟರಲ್ಲಿ ಊರೆಲ್ಲ ಹರಡಿತ್ತು. 2024ರ ಡಿಸೆಂಬರ್ 4ರಂದು ಮ್ಯಾನ್‌ಹ್ಯಾಟನ್ ಬೀದಿಯಲ್ಲಿ ವಿಮಾ ಕಂಪನಿಯ ಮುಖ್ಯಸ್ಥ ಬ್ರಯನ್ ಥಾಂಪ್ಸನ್ ಹತ್ಯೆಯಾದ ಮೇಲೆ, ಆರೋಪಿಯ ಬಳಿ ಸಿಕ್ಕ ಪಿಸ್ತೂಲು ಮತ್ತು ಸೈಲೆನ್ಸರ್ 3ಡಿ ಪ್ರಿಂಟರಿನವು ಎಂದು ಪೊಲೀಸರು ಹೇಳಿದರು. ಅಂದಿನಿಂದ ನಿಮ್ಮೆಲ್ಲರ ಭಾಷಣಗಳಲ್ಲಿ ಪ್ರಿಂಟರೇ ಪ್ರಿಂಟರು. ಆದರೆ ಅದೇ ಪೊಲೀಸ್ ದಾಖಲೆಯನ್ನು ಪೂರ್ತಿ ಓದಿದ್ದೀರಾ? ಆ ಪಿಸ್ತೂಲಿಗೆ ಲೋಹದ ಸ್ಲೈಡು (ಹಿಂದೆ ಮುಂದೆ ಜಾರುವ ಮೇಲ್ಭಾಗ) ಇತ್ತು, ಲೋಹದ ಬ್ಯಾರೆಲ್ (ಗುಂಡು ಹಾಯುವ ನಳಿಕೆ) ಇತ್ತು, ಅದರೊಳಗೆ ಗುಂಡುಗಳಿದ್ದವು. ಅವನ್ನು ಯಾವ ಮೇಜಿನ ಮೇಲಿನ ಪ್ಲಾಸ್ಟಿಕ್ ಪ್ರಿಂಟರೂ ಮಾಡಿಕೊಟ್ಟಿರಲಿಲ್ಲ.

ಇನ್ನೊಂದನ್ನು ನೆನಪಿಸುತ್ತೇನೆ. 2022ರ ಜುಲೈ 8ರಂದು ಜಪಾನಿನ ಮಾಜಿ ಪ್ರಧಾನಿ ಶಿಂಜೊ ಅಬೆ ಅವರನ್ನು ಕೊಂದದ್ದು ಮನೆಯಲ್ಲೇ ತಯಾರಾದ ಬಂದೂಕು; ಕೊಳವೆಗಳಿಂದ ಮಾಡಿ ಟೇಪು ಸುತ್ತಿದ್ದು. ಜಪಾನಿನಷ್ಟು ಕಠಿಣ ಕಾನೂನು ಎಲ್ಲಿದೆ? ಪ್ರಿಂಟರಿನಲ್ಲಿ ಬಂದೂಕು ಮಾಡಿದವನನ್ನು 2014ರಲ್ಲೇ ಬಂಧಿಸಿ ಎರಡು ವರ್ಷ ಸೆರೆಗೆ ಹಾಕಿದ ದೇಶ ಅದು. ಗಮನಿಸಿ, ಅವರು ಹಿಡಿದದ್ದು ಬಂದೂಕು ಮಾಡಿದವನನ್ನು. ಪ್ರಿಂಟರ್ ಕೊಂಡ ಶಾಲಾಮಕ್ಕಳನ್ನಲ್ಲ.

ನಿಮ್ಮ ಕೈಯಲ್ಲಿ ಕಾನೂನಿಲ್ಲವೇ? ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಕ್ರಮಸಂಖ್ಯೆಯಿಲ್ಲದ ಬಂದೂಕು, ಬಂದೂಕಿನ ಅಪೂರ್ಣ ಚೌಕಟ್ಟು ಇವೆಲ್ಲವನ್ನೂ ಈ ರಾಜ್ಯ 2021ರಲ್ಲೇ ನಿಷೇಧಿಸಿದೆ. ಬಿಡಿಭಾಗಗಳ ಕಿಟ್‌ಗಳನ್ನೂ ಬಂದೂಕೆಂದೇ ಪರಿಗಣಿಸಬಹುದೆಂಬ ಕೇಂದ್ರದ ನಿಯಮವನ್ನು ಸುಪ್ರೀಂ ಕೋರ್ಟು 2025ರ ಮಾರ್ಚಿನಲ್ಲಿ 7-2ರ ಬಹುಮತದಿಂದ ಎತ್ತಿಹಿಡಿದಿದೆ. ಮದ್ದುಗುಂಡು ಕೊಳ್ಳುವವರ ಹಿನ್ನೆಲೆ ತಪಾಸಣೆಗೆ 2013ರಲ್ಲೇ ಕಾನೂನು ಮಾಡಿದಿರಿ. ಅದು ಜಾರಿಗೆ ಬಂದದ್ದು 2023ರ ಸೆಪ್ಟೆಂಬರಿನಲ್ಲಿ. ಹತ್ತು ವರ್ಷ! ಗುಂಡಿಗೆ ಹತ್ತು ವರ್ಷ ಕಾಯಬಲ್ಲ ಸದನಕ್ಕೆ ಪ್ರಿಂಟರಿನ ವಿಷಯದಲ್ಲಿ ಇಷ್ಟು ಅವಸರವೇಕೆ? ಉತ್ತರ ನನಗೆ ಹೊಳೆಯುತ್ತದೆ. ಗುಂಡು ಮಾರುವವರಿಗೆ ರಾಜ್ಯದ ರಾಜಧಾನಿ ಆಲ್ಬನಿಯಲ್ಲಿ ವಕೀಲರಿದ್ದಾರೆ. ಶಾಲೆಯ ಪ್ರಿಂಟರಿಗೆ ಇಲ್ಲ.

ಗವರ್ನರ್ ಪ್ರಸ್ತಾಪದಲ್ಲಿ ಬಂದೂಕಿನ ನಕ್ಷೆಗಳನ್ನು ಹಂಚುವವರಿಗೆ ಶಿಕ್ಷೆಯ ಮಾತೂ ಇದೆ. ಅದು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ತಾಕುತ್ತದೆ ಎನ್ನುವವರು ಇದ್ದಾರೆ. ನ್ಯಾಯಾಲಯ ನೋಡಿಕೊಳ್ಳಲಿ, ನನಗೆ ಆ ಜಗಳ ಬೇಡ. ಬ್ಯಾರೆಲ್, ಸ್ಲೈಡುಗಳ ಮಾರಾಟಕ್ಕೆ ತಪಾಸಣೆ ತನ್ನಿ, ನಾನೇ ಸಹಿ ಸಂಗ್ರಹಿಸಿ ಕೊಡುತ್ತೇನೆ. ಗುಂಡಿನ ತಪಾಸಣೆಯನ್ನು ಬಿಗಿ ಮಾಡಿ. ಹ್ಯಾಂಡ್‌ಗನ್ನನ್ನು ಮೆಷಿನ್‌ಗನ್ ಮಾಡುವ ಪುಟ್ಟ ಸ್ವಿಚ್ಚುಗಳನ್ನು ಮಾರುವವರನ್ನು ಹಿಡಿಯಿರಿ. ಕೇಂದ್ರ ಕಾನೂನಿನಡಿ ಅವು ಈಗಾಗಲೇ ಅಪರಾಧ. ಬಂದೂಕನ್ನು ಹಿಡಿಯಿರಿ. ಪ್ರಿಂಟರನ್ನು ಬಿಡಿ.

2020ರ ವಸಂತದಲ್ಲಿ ಇದೇ ರಾಜ್ಯದ ಆಸ್ಪತ್ರೆಗಳಲ್ಲಿ ಮುಖಗವಸು, ಮುಖಕವಚ ಸಿಗದೆ ದಾದಿಯರು ಪರದಾಡುತ್ತಿದ್ದಾಗ ಮನೆಮನೆಯ ಮೇಜುಗಳ ಮೇಲೆ ಹಗಲಿರುಳು ಮುಖಕವಚದ ಪಟ್ಟಿಗಳನ್ನು ಮುದ್ರಿಸಿದ್ದು ಇವೇ ಪ್ರಿಂಟರುಗಳು. ಆಗ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಯಾರೂ ನಮ್ಮ ಹಿನ್ನೆಲೆ ಕೇಳಲಿಲ್ಲ.

ಹಿಂದೆ ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದೇನೆ. ಪ್ರಿಂಟರ್ ಕೊಳ್ಳುವವರ ತಪಾಸಣೆಯ ಮಸೂದೆಗೆ ಮತ ಹಾಕಬೇಡಿ. ತಡೆ ತಂತ್ರವನ್ನು ಕಡ್ಡಾಯ ಮಾಡುವ ಪ್ರಸ್ತಾಪವನ್ನು ವಿರೋಧಿಸಿ. ಅದು ಆಗದಿದ್ದರೆ ಕನಿಷ್ಠ ಶಾಲೆ ಮತ್ತು ಗ್ರಂಥಾಲಯಗಳಿಗೆ ವಿನಾಯಿತಿ ಬರೆಸಿ, ಮತದಾನಕ್ಕೆ ಮೊದಲು ಕ್ಷೇತ್ರದಲ್ಲಿ ಒಂದು ಸಾರ್ವಜನಿಕ ಸಭೆ ಕರೆಯಿರಿ. ಆ ತಡೆ ತಂತ್ರಾಂಶವನ್ನು ಮಾರುವವರೂ ಬರಲಿ, ನಾನೂ ಆ ಹಿಡಿಯ ಕಡತವನ್ನು ತರುತ್ತೇನೆ. ನಿಮ್ಮ ಕಣ್ಣೆದುರೇ ಪರೀಕ್ಷೆಯಾಗಲಿ. ಸಭೆ ಕರೆಯುವ ಮನಸ್ಸಿಲ್ಲದಿದ್ದರೆ, ಮಸೂದೆ ಮತಕ್ಕೆ ಬಂದ ದಿನ ನೀವು ಯಾವ ಕಡೆ ಇರುತ್ತೀರಿ ಎಂಬುದನ್ನು ಒಂದೇ ಸಾಲಿನಲ್ಲಿ ತಿಳಿಸಿ. ನನ್ನ ಅಭಿಪ್ರಾಯ ಅಮೂಲ್ಯವೆಂದು ಬರೆಯಬೇಕಿಲ್ಲ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ, ನಿವೃತ್ತ ಉಪಕರಣ ತಯಾರಕ