ಆ ಒಂದು ಕೀ ವಿಷಯ ಹೇಳಿಬಿಡು

ಸುಂಟಿಕೊಪ್ಪ

ಪುಟ್ಟಿ,

ನಿನ್ನೆ ಫೋನಲ್ಲಿ ಇಬ್ಬರ ದನಿಯೂ ಏರಿತು. ಅದಕ್ಕೇ ಬರೆಯುತ್ತಿದ್ದೇನೆ. ಗಿಟಾರ್ ಮಾರಬೇಡ ಅಂತ ನಾನು ಹೇಳಲೇ ಇಲ್ಲ. ದೊಡ್ಡಪ್ಪ ಅದನ್ನು ಕೊಟ್ಟದ್ದು ನಿನಗೆ. ಲಂಡನ್ನಿನ ಫೀಸು ಪೂರ್ತಿ ಹೊಂದಿಸಲು ನನ್ನ ಕೈಲಾಗಲಿಲ್ಲ. ಕರಿಮೆಣಸೂ ಈ ಸಲ ಕೈಕೊಟ್ಟಿತು. ಅದರ ನೋವು ನನಗಿದೆ ಮಗಳೇ.

ನನ್ನ ತಕರಾರು ನೀನು ಹಾಕಿದ ಜಾಹೀರಾತಿನ ಒಂದೇ ಸಾಲಿಗೆ. '1966ರ ಫೆಂಡರ್ ಎಲೆಕ್ಟ್ರಿಕ್ ಟ್ವೆಲ್ವ್, ಎಲ್ಲಾ ಒರಿಜಿನಲ್.' ಎಲ್ಲಾ ಅಲ್ಲವಲ್ಲ. ಅದರ ಹನ್ನೆರಡು ತಂತಿ ಎರಡೆರಡರ ಜೋಡಿ, ಪ್ರತಿ ತಂತಿಗೂ ಶ್ರುತಿ ಮಾಡಲು ತಿರುಗಿಸುವ ಒಂದು ಕೀ. ಮಳೆಗಾಲದಲ್ಲಿ ತುಕ್ಕು ಹಿಡಿದು ಮೂರನೇ ಜೋಡಿಯ ಸಣ್ಣ ತಂತಿಯ ಕೀ ತಿರುಗದೆ ನಿಂತಾಗ, ಮೈಸೂರಿಂದ ಬೇರೆ ತರಿಸಿ ಹಾಕಿಸಿದ್ದು ನಾನೇ. ಹಾಕಿ ಸ್ಟಿಕ್ಕಿನ ಹಾಗೆ ಬಾಗಿದ ಆ ತಲೆಯನ್ನು ಹಿಂದೆ ತಿರುಗಿಸಿ ನೋಡು. ಹನ್ನೊಂದು ಕೀ ಮಬ್ಬಾಗಿವೆ, ಒಂದು ಮಾತ್ರ ಹೊಳೆಯುತ್ತದೆ. ಅದರ ಸ್ಕ್ರೂ ಪಕ್ಕ ಮರದ ಚಕ್ಕೆಯೂ ಎದ್ದಿದೆ.

'ಯಾರಪ್ಪಾ ಅದನ್ನೆಲ್ಲ ನೋಡ್ತಾರೆ' ಅಂದೆ ನೀನು. ನೋಡುತ್ತಾರೆ. 1965ರಲ್ಲಿ ಬಂದು ಆ ದಶಕ ಮುಗಿಯುವಷ್ಟರಲ್ಲಿ ನಿಂತೇಹೋದ ಗಿಟಾರ್ ಅದು. ಅಂಥದ್ದನ್ನು ಹುಡುಕಿಕೊಂಡು ಬರುವವರು ನೆಕ್, ಅಂದರೆ ಗಿಟಾರಿನ ಉದ್ದನೆಯ ಕತ್ತು, ಬಿಚ್ಚಿ ಅದರ ಬುಡದಲ್ಲಿರುವ ತಾರೀಕು ಓದುವ ಜನ. ಒಂದು ಕೀ ಬದಲಾದರೂ ಬೆಲೆ ಇಳಿಯುತ್ತದೆ, ಇಳಿಯಲಿ. ಚೀಲದ ಅಡಿಗೆ ಒಣಗದ ಕಾಫಿ ತುಂಬಿ ಮೇಲೆ ಒಣಗಿದ್ದು ಹರಡುವವರನ್ನು ನೀನೂ ನೋಡಿದ್ದೀಯ. ಒಂದು ವರ್ಷ ನಡೆಯುತ್ತೆ. ಆಮೇಲೆ ಅವರು ಏನೇ ತಂದರೂ ವ್ಯಾಪಾರಿ ಅಡಿತನಕ ಕೈ ಹಾಕುತ್ತಾನೆ. ಗೊತ್ತಿಲ್ಲದ ಊರಿಗೆ ಹೊರಟವಳು ನೀನು, ಅಲ್ಲಿ ನಿನ್ನ ಮಾತು ಬಿಟ್ಟರೆ ಬೇರೆ ಆಸ್ತಿ ಇರೋದಿಲ್ಲ. ಬುದ್ಧಿ ಹೇಳಬಾರದು ಅಂತಲೇ ಕೂತೆ, ಆದರೂ ಬಂದುಬಿಡುತ್ತೆ.

ಟ್ಯೂನರ್ ಇಲ್ಲದೆ ಬರೀ ಕಿವಿಯಲ್ಲೇ ಹನ್ನೆರಡೂ ತಂತಿ ಶ್ರುತಿ ಮಾಡುತ್ತಿದ್ದೆ ನೀನು. ದಪ್ಪ ತಂತಿಯ ಕಡೆಯ ನಾಲ್ಕು ಜೋಡಿಗೆ ಒಂದೊಂದು ಸ್ಥಾಯಿಯ ಅಂತರ, ಉಳಿದೆರಡು ಜೋಡಿಗೆ ಒಂದೇ ಸ್ವರ. ಕೂದಲೆಳೆಯಷ್ಟು ತಪ್ಪಿದರೂ ಮುಖ ಸಿಂಡರಿಸುತ್ತಿದ್ದೆ. ಮನೆಗೆ ಬಂದವರಿಗೆಲ್ಲ ದೊಡ್ಡಪ್ಪ ಅದನ್ನೇ ಹೇಳುತ್ತಿದ್ದರು, ಈಗ ನಾನು ಹೇಳುತ್ತೇನೆ. ಅಷ್ಟು ಸೂಕ್ಷ್ಮ ಕಿವಿಯವಳಿಗೆ ಆ ಸಾಲು ಹೇಗೆ ಸರಿಯಾಗಿ ಕೇಳಿಸಿತೋ ನನಗೆ ತಿಳಿಯದು.

ಕೊಟ್ಟು ಕಳಿಸುವಾಗ ತಂತಿಗಳನ್ನು ಸ್ವಲ್ಪ ಸಡಿಲಿಸು, ಹನ್ನೆರಡರ ಎಳೆತವೂ ನೆಕ್ ಮೇಲೇ ಬೀಳೋದು. ಹಳೇ ಕೀ ನಾನು ಎಸೆದಿಲ್ಲ. ಎಣ್ಣೆ ಸವರಿ ಈ ಕವರಿನಲ್ಲೇ ಇಟ್ಟಿದ್ದೇನೆ, ತಗೊಳ್ಳುವವರ ಕೈಗೆ ಕೊಡು. ಅವರು ಭಾನುವಾರ ಬರೋದಲ್ವಾ, ಅಷ್ಟರೊಳಗೆ ಜಾಹೀರಾತು ತಿದ್ದಿ ನನಗೊಂದು ಫೋನ್ ಮಾಡು.

ನಿನ್ನ ಅಪ್ಪ