ಹೈಡ್ರೇಂಜಕ್ಕೆ ಕತ್ತರಿ ಹಾಕೋ ಮುಂಚೆ

ಗೆಳೆಯಾ,

ಕತ್ತರಿ ಕೆಳಗಿಡು ಮಾರಾಯ. ಗಿಡ ಹುಲುಸಾಗಿದೆ, ಹೂವೇ ಬಿಡುತ್ತಿಲ್ಲ, ಚಳಿಗಾಲದಲ್ಲಿ ಚೆನ್ನಾಗಿ ಸವರಿಬಿಡುತ್ತೇನೆ ಅಂತ ಬರೆದಿದ್ದೀಯ. ಪ್ರತಿ ವರ್ಷ ಹಾಗೆ ಸವರುತ್ತಿರುವುದೇ ಹೂ ಬಿಡದಿರಲು ಕಾರಣ ಇರಬಹುದು.

ಹೈಡ್ರೇಂಜ ಅನ್ನೋ ಈ ಹೂಗಿಡದಲ್ಲಿ ಒಂದೇ ಜಾತಿ ಅಲ್ಲ, ಹಲವು ಇವೆ. ದುಂಡು ಗೊಂಚಲಿನ ನೀಲಿ, ಗುಲಾಬಿ ಹೂ ಬಿಡುತ್ತದಲ್ವಾ, ಅದು ಮ್ಯಾಕ್ರೊಫಿಲ್ಲ, ಜಪಾನ್ ಮೂಲದ್ದು. ಬೇಸಿಗೆ ಮುಗಿಯುತ್ತಾ ಬಂದಂತೆ ಅದು ಮುಂದಿನ ವರ್ಷದ ಮೊಗ್ಗನ್ನು ರೆಂಬೆಯ ತುದಿಯಲ್ಲಿ ಕಟ್ಟಿಟ್ಟುಕೊಳ್ಳುತ್ತದೆ, ಚಳಿಗಾಲದಲ್ಲಿ ನೀನು ತುದಿ ಕತ್ತರಿಸಿದರೆ ಆ ಮೊಗ್ಗೂ ಹೋಯಿತು. ಅದನ್ನು ಸವರಬೇಕಿದ್ದರೆ ಹೂ ಬಾಡಿದ ಕೂಡಲೇ ಸವರಬೇಕು. ಪ್ಯಾನಿಕ್ಯುಲಾಟ, ಆರ್ಬೊರೆಸೆನ್ಸ್ ಅಂತ ಇನ್ನೆರಡು ಜಾತಿ ಇವೆ, ಅವು ಹಾಗಲ್ಲ. ಅವು ಅದೇ ವರ್ಷ ಚಿಗುರಿದ ರೆಂಬೆಯಲ್ಲೇ ಹೂ ಬಿಡುತ್ತವೆ, ಚಳಿಗಾಲದ ಕೊನೆಯಲ್ಲಿ ಧೈರ್ಯವಾಗಿ ಕತ್ತರಿಸು.

ಹೂವಿಲ್ಲದೆ ಗುರುತು ಹಿಡಿಯೋದು ಹೇಗೆ ಅಂತೀಯಾ? ಎಲೆ ನೋಡು. ಮ್ಯಾಕ್ರೊಫಿಲ್ಲದ ಎಲೆ ದಪ್ಪ, ಅಗಲ, ಹೊಳಪು, ಅಂಚು ಗರಗಸದಂತೆ. ಆರ್ಬೊರೆಸೆನ್ಸ್ ಎಲೆ ತೆಳು, ಹೊಳಪಿಲ್ಲ, ಹೆಚ್ಚುಕಮ್ಮಿ ಹೃದಯದ ಆಕಾರ. ಪ್ಯಾನಿಕ್ಯುಲಾಟದ್ದು ಇನ್ನೂ ಸುಲಭ: ಉಳಿದವುಗಳಲ್ಲಿ ಗಿಣ್ಣಿಗೆ ಎದುರುಬದುರಾಗಿ ಎರಡು ಎಲೆ ಇದ್ದರೆ ಇದರಲ್ಲಿ ಎಷ್ಟೋ ಸಲ ಒಂದೇ ಗಿಣ್ಣಿನ ಸುತ್ತ ಮೂರು ಎಲೆ ಇರುತ್ತವೆ, ಹೂಗೊಂಚಲೂ ದುಂಡಗಿರದೆ ಶಂಕುವಿನಂತೆ ಮೇಲೆ ಚೂಪಾಗಿರುತ್ತದೆ. ಎಲೆ ಆಳವಾಗಿ ಸೀಳಿಕೊಂಡಿದ್ದು ಹಳೆ ಕಾಂಡದ ತೊಗಟೆ ಸುಲಿಯುತ್ತಿದ್ದರೆ ಅದು ಕ್ವೆರ್ಸಿಫೋಲಿಯ ಅನ್ನೋ ಇನ್ನೊಂದು ಜಾತಿ. ಅದೂ ಹಳೆ ರೆಂಬೆಯಲ್ಲೇ ಹೂ ಬಿಡೋದು, ಮುಟ್ಟಬೇಡ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಚಂದದ್ದು ಅದೇ, ಎಲೆ ಉದುರೋ ಮುಂಚೆ ಗಿಡವಿಡೀ ಕೆಂಪಾಗುತ್ತದೆ. ಆದರೆ ಎಲ್ಲರಿಗೂ ನೀಲಿ ಗೊಂಚಲೇ ಬೇಕು!

ಬಣ್ಣದ ವಿಷಯಕ್ಕೆ ಬರುತ್ತೇನೆ. ತುಕ್ಕು ಹಿಡಿದ ಮೊಳೆ ಹೂತರೆ ನೀಲಿಯಾಗುತ್ತದೆ ಅಂತ ಯಾರೋ ಹೇಳಿದರಂತೆ, ಸುಮ್ನೆ ಮೊಳೆ ಹಾಳು. ನೀಲಿ ಬರೋದು ಅಲ್ಯುಮಿನಿಯಂನಿಂದ. ಮಣ್ಣು ಹುಳಿಯಾಗಿದ್ದರೆ, ಅಂದರೆ ಹುಳಿ ಅಳೆಯೋ ಪಿಎಚ್ ಅಂಕ ಸುಮಾರು 5.5ಕ್ಕಿಂತ ಕಡಿಮೆ ಇದ್ದರೆ, ಬೇರು ಅದನ್ನು ಹೀರಿಕೊಳ್ಳುತ್ತದೆ. 6.5 ದಾಟಿದರೆ ಹೂ ಗುಲಾಬಿ. ರಂಜಕ ಜಾಸ್ತಿ ಇರೋ ಗೊಬ್ಬರ ಹಾಕಿದರೂ ಅಲ್ಯುಮಿನಿಯಂ ಮಣ್ಣಲ್ಲೇ ಸಿಕ್ಕಿಕೊಳ್ಳುತ್ತದೆ, ನೀಲಿ ಬರಲ್ಲ. ಬಿಳಿ ಹೂವಿನ ತಳಿಗೆ ಇದ್ಯಾವುದೂ ನಾಟಲ್ಲ, ಸುಮ್ಮನೆ ಒದ್ದಾಡಬೇಡ.

ಇನ್ನು ಮಧ್ಯಾಹ್ನ ಎಲೆ ಜೋತುಬೀಳುತ್ತದೆ ಅಂತ ಗಾಬರಿಯಾಗಿ ಕೊಡಗಟ್ಟಲೆ ನೀರು ಸುರಿಯಬೇಡ. ಬಿಸಿಲಿಗೆ ಹಾಗಾಗುತ್ತದೆ, ಸಂಜೆ ನೋಡು. ಆಗಲೂ ಚೇತರಿಸಿಕೊಂಡಿಲ್ಲ, ಮಣ್ಣೂ ಒಣಗಿದೆ ಅಂದರೆ ಬುಡಕ್ಕೆ ನಿಧಾನವಾಗಿ ನೀರು ಕೊಡು, ಮೇಲೆ ಒಣಎಲೆ ಹರಡು. ಮ್ಯಾಕ್ರೊಫಿಲ್ಲಕ್ಕೆ ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಿಕ್ಕರೆ ಸಾಕು. ಮತ್ತೆ, ನಾಯಿಮರಿ ಎಲೆ ಕಚ್ಚದಂತೆ ನೋಡಿಕೋ, ಅದಕ್ಕೆ ವಿಷ.

ಒಂದು ಎಲೆ, ಒಂದು ಗಿಣ್ಣು, ಹಳೆ ಕಾಂಡದ ತೊಗಟೆ, ಇಷ್ಟರ ಫೋಟೊ ಹತ್ತಿರದಿಂದ ತೆಗೆದು ಕಳಿಸು. ಯಾವುದು ಅಂತ ಹೇಳುತ್ತೇನೆ.

ನಿನ್ನ ಗೆಳೆಯ