ಕುಬ್ಜ ಸಿಕ್ಲಿಡ್ ಮೀನಿನ ಜೋಡಿ ಕೊಳ್ಳುವವರ ಗಮನಕ್ಕೆ

ಮಾನ್ಯ ಸದಸ್ಯರೇ,

ಸಿಕ್ಲಿಡ್ ಕುಟುಂಬದ ಚಿಕ್ಕ ಅಕ್ವೇರಿಯಂ ಮೀನುಗಳಾದ ರಾಮಿರೆಜಿ ಮತ್ತು ಅಪಿಸ್ಟೊಗ್ರಾಮಾಗಳ ಫೋಟೊ ಹಾಕಿ ಗಂಡೋ ಹೆಣ್ಣೋ ಎಂದು ಕೇಳುವವರು ಹೆಚ್ಚಿರುವುದರಿಂದ ಈ ಸೂಚನೆಯನ್ನು ಬರೆಯಲಾಗಿದೆ.

ಅಂಗಡಿಗಳಲ್ಲಿ ಬ್ಲೂ ರಾಮ್ ಎಂದು ಮಾರುವ, ದಕ್ಷಿಣ ಅಮೆರಿಕದ ಒರಿನೊಕೊ ನದಿ ಬಯಲಿನ ರಾಮಿರೆಜಿಯಲ್ಲಿ ಬೆನ್ನಿನ ಈಜುರೆಕ್ಕೆಯ ಮುಂದಿನ ಕಡ್ಡಿಗಳು ಉದ್ದವಾಗಿದ್ದರೆ ಗಂಡು ಎನ್ನುವುದು ವಾಡಿಕೆಯಾದರೂ, ಸಾಕಣೆಯ ತಳಿಗಳಲ್ಲಿ ಹೆಣ್ಣಿಗೂ ಅವು ಬೆಳೆಯುವುದರಿಂದ ಅದೊಂದನ್ನೇ ನಂಬಬಾರದು. ಮೈಯ ಪಕ್ಕದ ಕಪ್ಪು ಮಚ್ಚೆಯನ್ನು ಹತ್ತಿರದಿಂದ ನೋಡಿ: ಅದರೊಳಗೆ ನೀಲಿ ಮಿಂಚಿನ ಚುಕ್ಕಿಗಳಿದ್ದು, ಹೊಟ್ಟೆಯ ಭಾಗ ಗುಲಾಬಿ ಬಣ್ಣದ್ದಾಗಿದ್ದರೆ ಅದು ಬಹುತೇಕ ಹೆಣ್ಣೇ. ಎಲೆಕ್ಟ್ರಿಕ್ ಬ್ಲೂ ತಳಿಯಲ್ಲಿ ಆ ಮಚ್ಚೆಯೇ ಸರಿಯಾಗಿ ಕಾಣದ ಕಾರಣ ಈ ಗುರುತು ಉಪಯೋಗಕ್ಕೆ ಬಾರದು.

ಅಪಿಸ್ಟೊಗ್ರಾಮಾ ಕುಲದ ಕಕಟುವಾಯ್ಡಿಸ್‌ನಲ್ಲಿ ಕೆಲಸ ಸುಲಭ. ಗಂಡು ಸುಮಾರು 8 ಸೆಂ.ಮೀ. ಬೆಳೆದು ಬೆನ್ನಿನ ಮೇಲೆ ಜುಟ್ಟು ಬಿಡುತ್ತದೆ, 5 ಸೆಂ.ಮೀ. ಆಸುಪಾಸಿನ ಹೆಣ್ಣು ಮೊಟ್ಟೆ ಕಾಯುವಾಗ ಅಚ್ಚ ಹಳದಿಗೆ ತಿರುಗುತ್ತದೆ, ಅದರ ಹೊಟ್ಟೆಯಡಿಯ ಈಜುರೆಕ್ಕೆಗಳ ಮುಂಚೂಣಿ ಕಪ್ಪಾಗಿರುತ್ತದೆ. ಆದರೆ ದೊಡ್ಡ ಗಂಡಿನ ಕಣ್ಣು ತಪ್ಪಿಸಲು ಹೆಣ್ಣಿನ ವೇಷದಲ್ಲಿಯೇ ಉಳಿಯುವ ಚಿಕ್ಕ ಗಂಡುಗಳೂ ಈ ಕುಲದಲ್ಲಿವೆ. ಮರಿಗಳು ಎಳೆಯವಿರುವಾಗಿನ ನೀರಿನ ಉಷ್ಣತೆ ಮತ್ತು ಆಮ್ಲೀಯತೆ ಈ ಕುಲದ ಹಲವು ಪ್ರಭೇದಗಳಲ್ಲಿ ಲಿಂಗಾನುಪಾತವನ್ನೇ ಬದಲಿಸುವುದರಿಂದ, ಒಂದೇ ಸೂಲಿನ ಮರಿಗಳೆಲ್ಲ ಹೆಚ್ಚುಕಡಿಮೆ ಗಂಡುಗಳೇ ಆಗಿರುವ ಸಂಭವವೂ ಉಂಟು.

ಅಂಗಡಿಯವರ ಮಾತಿನ ಮೇಲೆ ಎರಡೇ ಮರಿಗಳನ್ನು ತರುವ ಬದಲು ಐದಾರು ಮರಿಗಳನ್ನು ಬೆಳೆಸಿ, ಅವು ತಾವಾಗಿಯೇ ಜೋಡಿಯಾಗಲು ಬಿಡುವುದು ಲೇಸು. ಫೋಟೊ ಹಾಕುವವರು ದಯವಿಟ್ಟು ಪಕ್ಕದ ನೋಟವನ್ನು, ಫ್ಲ್ಯಾಶ್ ಇಲ್ಲದೆ, ಮೀನು ಈಜುರೆಕ್ಕೆ ಬಿಚ್ಚಿರುವಾಗ ತೆಗೆದು ಕಳುಹಿಸಬೇಕು.